ಬಿಲ್ಲಿಂಗ್ ಬೆಟ್ಟದಿಂದ ಹಾರಿ ಬಂದೆವು!

ಉತ್ತರ ಬೆಂಗಳೂರಿನವರಿಗೆ ತಲೆಯೆತ್ತಿ ಆಕಾಶ ನೋಡುವುದು ಹೊಸದೇನಲ್ಲ. ಜಕ್ಕೂರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಹಳೆಯ ಶಾಲೆಯಿದೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತದೆ. ಆ ದಿನಗಳಲ್ಲಿ ನಮ್ಮ ಬಾಗಲಗುಂಟೆಯ ಮಾಳಿಗೆಗಳ ಮೇಲೆ ಸಂಡಿಗೆ ಒಣಹಾಕಲು ಹೋದ ಹೆಂಗಸರು ಸಂಡಿಗೆ ಮರೆತು, ಕಿವಿ ಮುಚ್ಚಿಕೊಂಡು, ವಿಮಾನಗಳ ಲಾಗ ನೋಡುತ್ತಾ ನಿಂತುಬಿಡುತ್ತೇವೆ. ಆದರೆ ನೋಡುವುದು ಬೇರೆ, ಹಾರುವುದು ಬೇರೆ ಅಲ್ಲವೆ? ಅದೂ ಯಂತ್ರವಿಲ್ಲದೆ, ಒಂದು ಬಟ್ಟೆಯ ರೆಕ್ಕೆ ಕಟ್ಟಿಕೊಂಡು!

ಹಿಮಾಚಲ ಪ್ರದೇಶದ ಬೀರ್–ಬಿಲ್ಲಿಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ಮಾಡಿಸುತ್ತಾರೆ, ಹಾರಲು ಬಾರದವರನ್ನೂ ನುರಿತ ಪೈಲಟ್ ಜೊತೆಗೆ ಕಟ್ಟಿಕೊಂಡು ಹಾರಿಸುತ್ತಾನೆ ಎಂದು ಮಗ ಹೇಳಿದಾಗ ಮನೆಯಲ್ಲಿ ದೊಡ್ಡ ನಗು. "ಮೆಟ್ಟಿಲು ಇಳಿಯುವಾಗ ಅಯ್ಯೋ ಅಮ್ಮಾ ಅಂತೀಯ, ಬೆಟ್ಟದಿಂದ ಹಾರ್ತೀಯಾ?" ಎಂದು ನಮ್ಮನೆಯವರು ಕೇಳಿದರು. ನನಗೆ ಐವತ್ತೇಳು. ನಗದೆ ಕೂತವಳು ನನ್ನ ತಂಗಿ ಒಬ್ಬಳೇ. ಅವಳಿಗೆ ಐವತ್ತೆರಡು. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಹೆಸರಘಟ್ಟ ರಸ್ತೆ ದಾಟಿ ತರಕಾರಿ ತರುವುದಕ್ಕೂ ಬೇಸರಪಡುತ್ತಿದ್ದವಳು, "ಅಕ್ಕಾ, ನಾನು ಬರ್ತೀನಿ" ಅಂದಳು. ಆ ಮಾತು ಬಂದ ಮೇಲೆ ನಗುವುದಕ್ಕೆ ಉಳಿದದ್ದೇನು? ಇಬ್ಬರೂ ಡಾಕ್ಟರ ಬಳಿ ಹೋಗಿ ರಕ್ತದೊತ್ತಡ, ಹೃದಯ, ಮಂಡಿ ಎಲ್ಲಾ ತೋರಿಸಿ, ಅವರು ಆಗಬಹುದೆಂದ ಮೇಲೆ ಅಕ್ಟೋಬರ್ ಕೊನೆಗೆ ಹೊರಟೆವು.

ಹೋಗುವ ದಾರಿ

ಬೆಂಗಳೂರಿನಿಂದ ದೆಹಲಿಗೆ ವಿಮಾನ, ದೆಹಲಿಯಿಂದ ಬೀರ್‌ಗೆ ರಾತ್ರಿ ಬಸ್ಸು. ಸುಮಾರು ಹನ್ನೆರಡು ಗಂಟೆಯ ಪ್ರಯಾಣ. ಪಠಾಣಕೋಟ್‌ನಿಂದ ಜೋಗಿಂದರ್ ನಗರಕ್ಕೆ ಕಾಂಗ್ಡಾ ಕಣಿವೆಯ ಪುಟ್ಟ ರೈಲಿದೆ. 1929ರಲ್ಲಿ ಶುರುವಾದ 164 ಕಿಲೋಮೀಟರಿನ ಕಿರಿದಾದ ಹಳಿ. ಬೀರ್‌ಗೆ ಸಮೀಪದ ಅಹಜೂ ನಿಲ್ದಾಣ ಆ ದಾರಿಯಲ್ಲೇ ಬರುತ್ತದೆ. ಆದರೆ 2022ರ ಆಗಸ್ಟ್‌ನ ಪ್ರವಾಹದಲ್ಲಿ ಚಕ್ಕಿ ನದಿಯ ಸೇತುವೆ ಕುಸಿದು ರೈಲಿನ ಓಡಾಟಕ್ಕೆ ಪೆಟ್ಟು ಬಿತ್ತು. ರೈಲಿನಲ್ಲೇ ಹೋಗುವ ಆಸೆಯಿದ್ದವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಬೆಳಿಗ್ಗೆ ಬಸ್ಸಿಳಿದಾಗ ಎದುರಿಗೇ ಧವಲಧಾರ್ ಬೆಟ್ಟಸಾಲು, ತುದಿಯಲ್ಲಿ ಹಿಮ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊಯ್ಲಾದ ಗದ್ದೆ, ಟೀ ತೋಟ, ಟಿಬೆಟಿಯನ್ನರ ವಿಹಾರಗಳ ಬಂಗಾರದ ಬಣ್ಣದ ಮಾಡು. ಟಿಬೆಟ್ ಬಿಟ್ಟು ಬಂದವರಿಗೆ 1960ರ ದಶಕದಲ್ಲಿ ನೆಲೆ ಸಿಕ್ಕ ಊರುಗಳಲ್ಲಿ ಇದೂ ಒಂದು, ನಮ್ಮ ಬೈಲುಕುಪ್ಪೆಯ ಹಾಗೆ. ಅಲ್ಲಿ ಉಲ್ಲನ್ ಟೋಪಿ ಮಾರುತ್ತಿದ್ದ ಹೆಂಗಸೊಬ್ಬಳು ನಮ್ಮ ಮಾತು ಕೇಳಿಸಿಕೊಂಡು, "ಬೆಂಗ್ಳೂರಾ? ಚೆನ್ನಾಗಿದ್ದೀರಾ?" ಅಂದಾಗ ನಮ್ಮಿಬ್ಬರಿಗೂ ಬಾಯಿ ಕಟ್ಟಿತು. ಹುಟ್ಟಿದ್ದು, ಬೆಳೆದದ್ದು ಬೈಲುಕುಪ್ಪೆಯಂತೆ, ಮದುವೆಯಾಗಿ ಇಲ್ಲಿಗೆ ಬಂದಿದ್ದಾಳೆ. ಟೋಪಿಗೆ ಹತ್ತು ರೂಪಾಯಿ ಕೂಡ ಬಿಡಲಿಲ್ಲ, ಆ ಮಾತು ಬೇರೆ!

ರೆಕ್ಕೆಯ ಗುಟ್ಟು

ಪ್ಯಾರಾಗ್ಲೈಡರ್ ಎಂದರೆ ಕೊಡೆಯಂಥ ಪ್ಯಾರಾಚೂಟ್ ಎಂದುಕೊಂಡಿದ್ದರೆ, ಅಲ್ಲ. ಹೊಲಿಗೆ ಬಲ್ಲ ನಮಗೆ ಅದರ ಗುಟ್ಟು ಬೇಗ ತಿಳಿಯುತ್ತದೆ. ಹತ್ತಾರು ದಿಂಬಿನ ಕವರುಗಳನ್ನು ಪಕ್ಕಪಕ್ಕಕ್ಕೆ ಸೇರಿಸಿ ಹೊಲಿದು, ಎಲ್ಲದರ ಬಾಯಿಯನ್ನೂ ಮುಂದಕ್ಕೆ ತೆರೆದಿಟ್ಟ ಹಾಗೆ ಅದರ ರಚನೆ. ಮುಂದಕ್ಕೆ ಓಡಿದರೆ ಗಾಳಿ ಒಳನುಗ್ಗಿ ಪೂರಿಯಂತೆ ಉಬ್ಬಿಕೊಂಡು, ತೆಳ್ಳನೆಯ ನೈಲಾನ್ ಬಟ್ಟೆ ಹಕ್ಕಿಯ ರೆಕ್ಕೆಯ ಆಕಾರ ತಾಳುತ್ತದೆ. ಇಬ್ಬರನ್ನು ಹೊರುವ ರೆಕ್ಕೆ ಸುಮಾರು 40 ಚದರ ಮೀಟರ್. ನಮ್ಮ ಬಾಗಲಗುಂಟೆಯ ಲೆಕ್ಕದಲ್ಲಿ ಹೇಳುವುದಾದರೆ 20–30ರ ಸೈಟಿನ ಮುಕ್ಕಾಲು ಪಾಲು! ತೂಕ ಮಾತ್ರ ಏಳೆಂಟು ಕಿಲೋ, ಒಂದು ಸಣ್ಣ ಅಕ್ಕಿ ಚೀಲದಷ್ಟು.

ಬೆಟ್ಟದ ಇಳಿಜಾರಿನಿಂದ ಹೀಗೆ ಓಡಿ ಹಾರುವ ಆಟಕ್ಕೆ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯಲ್ಲಿ 1978ರಲ್ಲಿ ನಾಂದಿಯಾಯಿತು. ಪ್ಯಾರಾಚೂಟ್ ಜಿಗಿತದ ಅಭ್ಯಾಸಕ್ಕೆ ವಿಮಾನದ ಖರ್ಚೇಕೆ, ಬೆಟ್ಟವೇ ಇದೆಯಲ್ಲ ಎಂದು ಮೂವರು ಸ್ನೇಹಿತರು ಮಾಡಿದ ಉಳಿತಾಯದ ಉಪಾಯ ಅದು. ಇಂದು ಲೋಕವೆಲ್ಲ ಹಬ್ಬಿದೆ. ಬೀರ್–ಬಿಲ್ಲಿಂಗ್‌ನಲ್ಲೇ 2015ರ ಅಕ್ಟೋಬರ್‌ನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆಯಿತು.

ಹಾರುವ ಜಾಗ ಬಿಲ್ಲಿಂಗ್, ಸುಮಾರು 2,400 ಮೀಟರ್ ಎತ್ತರ. ಇಳಿಯುವುದು ಕೆಳಗೆ ಬೀರ್‌ನ ಕ್ಯೋರ್ ಬಯಲಿನಲ್ಲಿ. ಆ ಬಯಲೇ ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದ ತುದಿಯಷ್ಟು ಎತ್ತರದಲ್ಲಿದೆ ಎಂದರೆ ಬಿಲ್ಲಿಂಗ್ ಎಷ್ಟು ಮೇಲೆಂದು ನೀವೇ ಊಹಿಸಿಕೊಳ್ಳಿ.

ಬೇಡ ಎಂದ ದಿನ

ನಾವು ಹಾರಬೇಕಿದ್ದ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಹನ್ನೊಂದರ ಹೊತ್ತಿಗೆ ಧವಲಧಾರ್ ನೆತ್ತಿಯ ಮೇಲೆ ಮೋಡ ಕೂಡಿತು. ಗೊತ್ತುಮಾಡಿದ್ದ ಪೈಲಟ್ ಮೋಡ ನೋಡಿದ, ಮೇಲಿದ್ದವರಿಗೆ ಫೋನು ಮಾಡಿದ, ಆಮೇಲೆ ನಮ್ಮ ಬಳಿ ಬಂದು, "ಇವತ್ತು ಬೇಡ ಮಾತಾಜಿ, ಗಾಳಿ ಸರಿಯಿಲ್ಲ" ಅಂದ.

ಮರುದಿನ ಸಂಜೆಗೆ ನಮ್ಮ ಬಸ್ಸು. ನಾಳೆಯೂ ಹೀಗೇ ಆದರೆ? ಅಷ್ಟರಲ್ಲಿ ಇನ್ನೊಬ್ಬ ಬಂದು, "ಅವರು ಹೆದರುಪುಕ್ಕಲರು, ನಾನು ಈಗಲೇ ಕಳಿಸ್ತೀನಿ, ದುಡ್ಡೂ ಕಮ್ಮಿ" ಎಂದು ಕರೆದ. ನಾನು ತಂಗಿಯ ಮುಖ ನೋಡಿದೆ. ಅವಳು ಸಾವಿರಾರು ಮೈಲಿ ಬಂದದ್ದೇ ಇದಕ್ಕಾಗಿ. ಆದರೂ ಅವಳೇ ಅಂದಳು: "ಬೇಡ ಅನ್ನೋದಕ್ಕೆ ಅವನಿಗೆ ನಷ್ಟ. ನಷ್ಟ ಮಾಡ್ಕೊಂಡು ಬೇಡ ಅಂತಿದಾನೆ ಅಂದ್ರೆ ಅವನ ಮಾತೇ ಕೇಳೋಣ." ಆ ಇನ್ನೊಬ್ಬನ ಜೊತೆ ಹೋದವರೂ ಸುಖವಾಗಿಯೇ ಇಳಿದರು, ಸುಳ್ಳು ಹೇಳಬಾರದು. ಆದರೆ ಹುಷಾರಾಗಿ ಇಳಿದವರೆಲ್ಲ ಸರಿಯಾದ ತೀರ್ಮಾನ ಮಾಡಿದವರೆಂದೇನೂ ಅಲ್ಲವಲ್ಲ. ಈ ಬೆಟ್ಟಗಳಲ್ಲಿ ಅಪಘಾತಗಳಾಗಿವೆ, ಸಾವೂ ಆಗಿವೆ. ಅದನ್ನು ಮುಚ್ಚಿಟ್ಟು ಬರೀ ಚೆಂದ ಹೇಳುವುದು ಓದುವ ನಿಮಗೆ ಮೋಸ ಮಾಡಿದಂತೆ.

ಉಳಿದ ಹೊತ್ತಿನಲ್ಲಿ ಹತ್ತಿರದ ಬೈಜನಾಥಕ್ಕೆ ಹೋಗಿಬಂದೆವು. 1204ರಲ್ಲಿ ಇಬ್ಬರು ವರ್ತಕ ಸೋದರರು ಕಟ್ಟಿಸಿದ ಕಲ್ಲಿನ ಶಿವಾಲಯ. ಸ್ಥಳಪುರಾಣ ಕೇಳಿದರೆ ನಮ್ಮ ಗೋಕರ್ಣದ ಅಣ್ಣನೋ ತಮ್ಮನೋ ಅನ್ನಬೇಕು! ರಾವಣ ಶಿವನಿಂದ ಲಿಂಗ ಪಡೆದು ಒಯ್ಯುತ್ತಿದ್ದಾಗ ನೆಲಕ್ಕಿಟ್ಟದ್ದು ಇಲ್ಲೇ, ಅದು ಇಲ್ಲೇ ಊರಿಬಿಟ್ಟಿತು ಅನ್ನುತ್ತಾರೆ. ರಾವಣ ಶಿವಭಕ್ತನೆಂದು ಈ ಊರಿನಲ್ಲಿ ದಸರೆಗೆ ಅವನ ಪ್ರತಿಕೃತಿ ಸುಡುವುದಿಲ್ಲ. ಸಂಜೆ ಸಿಡ್ಡು ತಿಂದೆವು. ಹುದುಗು ಬಂದ ಗೋಧಿ ಹಿಟ್ಟಿನೊಳಗೆ ಗಸಗಸೆ, ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಬಿಸಿಬಿಸಿಯಾಗಿ ಮುರಿದು ತುಪ್ಪ ಸುರಿದುಕೊಂಡರೆ ನಮ್ಮ ಕಡುಬಿನ ದಾಯಾದಿ.

ಓಡು, ಕೂರಬೇಡ

ಮರುದಿನ ಬೆಳಿಗ್ಗೆ ಫೋನು ಬಂತು: "ಬನ್ನಿ." ಬೀರ್‌ನಿಂದ ಬಿಲ್ಲಿಂಗ್‌ಗೆ 14 ಕಿಲೋಮೀಟರ್, ದೇವದಾರು ಮರಗಳ ನಡುವೆ ತಿರುವು ತಿರುವಾಗಿ ಜೀಪು ಹತ್ತುತ್ತದೆ. ಮೇಲೆ ಹುಲ್ಲಿನ ಇಳಿಜಾರು, ಅದರ ತುದಿಯಾಚೆ ಏನೂ ಇಲ್ಲ. ಬರೀ ಗಾಳಿ.

ಹೆಲ್ಮೆಟ್ ಹಾಕಿ, ಕುರ್ಚಿಯಂಥ ಚೀಲವನ್ನು ಬೆನ್ನಿಗೆ ಕಟ್ಟಿ, ಎದೆಗೊಂದು, ತೊಡೆಗೆರಡು ಪಟ್ಟಿ ಬಿಗಿದರು. ಪ್ರಯಾಣಿಕರು ಮುಂದೆ, ಪೈಲಟ್ ಬೆನ್ನ ಹಿಂದೆ. ನಮಗೆ ಹೇಳಿಕೊಟ್ಟದ್ದು ಒಂದೇ ಪಾಠ: "ನಾನು ಓಡು ಅಂದಾಗ ಓಡಬೇಕು. ಕಾಲಿಗೆ ನೆಲ ಸಿಗದಿದ್ದರೂ ಓಡುತ್ತಲೇ ಇರಬೇಕು. ಕೂರಬಾರದು, ಜಿಗಿಯಬಾರದು." ಇದೇಕೆ ಇಷ್ಟು ಸಲ ಹೇಳುತ್ತಾನೆ ಎಂದುಕೊಳ್ಳುವಷ್ಟರಲ್ಲಿ ನಮ್ಮ ಮುಂದಿದ್ದ ಯುವಕನೊಬ್ಬ ನಾಲ್ಕು ಹೆಜ್ಜೆಗೇ ಕಾಲು ಮಡಚಿ ಕೂತ. ಇನ್ನೂ ವೇಗ ಸಿಗದ ರೆಕ್ಕೆ ಇಬ್ಬರ ಭಾರ ಹೊರಲಾರದೆ, ಪೈಲಟ್ ಸಮೇತ ಹುಲ್ಲಿನ ಮೇಲೆ ಜಾರಿ ಕುಸಿದ. ಪುಣ್ಯಕ್ಕೆ ಏಟಾಗಲಿಲ್ಲ. ರೆಕ್ಕೆಗೆ ಬೇಕಾದದ್ದು ಓಟದ ವೇಗ. ಅದನ್ನು ಕೊಡುವುದು ನಮ್ಮ ಕಾಲು.

ಮೊದಲು ತಂಗಿಯ ಸರದಿ. ಮೊದಲ ಸಲ ರೆಕ್ಕೆ ಒಂದು ಪಕ್ಕಕ್ಕೆ ವಾಲಿತು, ಪೈಲಟ್ ನಿಲ್ಲಿಸಿಬಿಟ್ಟ. ಮತ್ತೆ ಬಟ್ಟೆ ಹರಡಿ, ದಾರಗಳನ್ನು ಬಿಡಿಸಿ, ಗಾಳಿಚೀಲ ನೋಡಿಕೊಂಡು ನಿಂತ. ಎದುರುಗಾಳಿ ಬಂದದ್ದೇ "ದೌಡೋ! ದೌಡೋ!" ಎಂದು ಕೂಗಿದ. ಓಡಿದಳು ನೋಡಿ! ಮದುವೆಯಾದಾಗಿನಿಂದ ಅವಳು ಓಡಿದ್ದನ್ನು ನಾನು ಕಂಡಿರಲಿಲ್ಲ. ನೆಲ ಮುಗಿದ ಮೇಲೂ ಗಾಳಿಯಲ್ಲಿ ಕಾಲು ಓಡುತ್ತಲೇ ಇತ್ತು.

ನನ್ನದೂ ಆಯಿತು. ಹೊಟ್ಟೆಯಲ್ಲಿ ಧಸಕ್ಕೆಂದೀತು ಎಂದು ಹಲ್ಲು ಕಚ್ಚಿದ್ದೆ. ಹಾಗಾಗಲೇ ಇಲ್ಲ! ನೆಲವೇ ಮೆಲ್ಲಗೆ ಕೆಳಗೆ ಸರಿಯಿತು, ಅಷ್ಟೆ. ಆಮೇಲೆ ಪೈಲಟ್ ಹೇಳಿದಂತೆ ಹಿಂದಕ್ಕೆ ಸರಿದು ಕೂತರೆ ಉಯ್ಯಾಲೆಯ ಹಾಯಿ. ಯಂತ್ರದ ಸದ್ದಿಲ್ಲ, ದಾರಗಳ ನಡುವೆ ಗಾಳಿಯ ಸುಯ್ಯೆನ್ನುವಿಕೆ ಮಾತ್ರ. ಅವನ ಬಳಿ ಒಂದು ಪುಟ್ಟ ಯಂತ್ರ ಪೀ ಪೀ ಎಂದಿತು. ಮೇಲೇರುತ್ತಿದ್ದೇವೆ ಎಂದು ಹೇಳುವ ಸದ್ದಂತೆ. ದಕ್ಷಿಣಕ್ಕೆ ಮುಖ ಮಾಡಿದ ಈ ಇಳಿಜಾರುಗಳಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಕಾದ ನೆಲದ ಗಾಳಿ ಹಗುರಾಗಿ, ಒಲೆಯ ಮೇಲಿನ ಹಬೆಯ ಹಾಗೆ ಮೇಲೇಳುತ್ತದೆ. ಆ ಗಾಳಿಯ ಕಂಬದೊಳಗೆ ಸುತ್ತು ಹಾಕಿದರೆ ರೆಕ್ಕೆಯೂ ಮೇಲೇರುತ್ತದೆ. ನಮಗಿಂತ ಮೊದಲೇ ಅದನ್ನು ಕಂಡುಕೊಂಡಿದ್ದ ಹಿಮಾಲಯದ ರಣಹದ್ದೊಂದು ರೆಕ್ಕೆ ಬಡಿಯದೆಯೇ ಸುತ್ತುತ್ತಿತ್ತು. ಒಂದು ಗಳಿಗೆ ಅದು ನನ್ನ ಕಾಲಿಗಿಂತ ಕೆಳಗೆ! ರಾಮನಗರದ ರಾಮದೇವರ ಬೆಟ್ಟದಲ್ಲಿ ಕತ್ತು ನೋಯುವಷ್ಟು ತಲೆಯೆತ್ತಿ ರಣಹದ್ದು ಹುಡುಕಿದ್ದ ನಾನು ಈಗ ಅದರ ಬೆನ್ನು ನೋಡುತ್ತಿದ್ದೆ.

ದೂರದಲ್ಲಿ ಕಿತ್ತಳೆ ಬಣ್ಣದ ರೆಕ್ಕೆ, ಅದರಡಿಯಲ್ಲಿ ತಂಗಿ. ನಾನು ಕೈ ಬೀಸಿದೆ, ಅವಳೂ ಬೀಸಿದಳು. ಇಪ್ಪತ್ತು ನಿಮಿಷ ಕಳೆದದ್ದೇ ಗೊತ್ತಾಗಲಿಲ್ಲ. ಬಯಲು ಹತ್ತಿರವಾದಾಗ "ಎದ್ದು ನಿಲ್ಲಿ" ಅಂದ. ನಾಲ್ಕು ಹೆಜ್ಜೆ ನಡೆದೆ, ಹಿಂದೆ ರೆಕ್ಕೆ ಸೀರೆ ಮಡಿಸಿದಂತೆ ನೆಲಕ್ಕಿಳಿಯಿತು.

ತಂಗಿ ಆಗಲೇ ಇಳಿದು ಹುಲ್ಲಿನ ಮೇಲೆ ನಿಂತಿದ್ದಳು. ಕಣ್ಣಲ್ಲಿ ನೀರು. ಹೆದರಿಕೆಯಾಯ್ತೇನೆ ಎಂದು ಕೇಳಿದೆ. "ಇಲ್ಲಕ್ಕ. ಅವರು ಹೋದಾಗಿನಿಂದ ಎಲ್ಲರೂ ಕೂತ್ಕೋ, ಸುಮ್ನೆ ಕೂತ್ಕೋ ಅಂತಾನೇ ಹೇಳ್ತಾ ಬಂದ್ರು. ಇವನೊಬ್ಬ ಓಡು ಅಂದ" ಅಂದಳು. ಹಾಗೆ ಹೇಳಿದವರಲ್ಲಿ ನಾವೆಲ್ಲ ಇದ್ದೆವು, ಪ್ರೀತಿಯಿಂದಲೇ ಹೇಳಿದ್ದೆವು. ಊರಿಗೆ ಬಂದ ಮೇಲೆ ಅವಳ ದುಃಖವೇನೂ ಮಾಯವಾಗಲಿಲ್ಲ, ಹಾರಾಟ ಔಷಧಿಯಲ್ಲ. ಆದರೆ ತರಕಾರಿಗೆ ಈಗ ಅವಳೇ ಹೋಗುತ್ತಾಳೆ, ವಾರಕ್ಕೆರಡು ದಿನ ಮಕ್ಕಳಿಗೆ ಹೊಲಿಗೆ ಹೇಳಿಕೊಡಲು ಶುರುಮಾಡಿದ್ದಾಳೆ.

ನೀವು ಹೋಗುವುದಾದರೆ

ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ, ಮಾರ್ಚ್‌ನಿಂದ ಮಳೆ ಹಿಡಿಯುವವರೆಗೂ ಹಾರುತ್ತಾರೆ. ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹಿಮಾಚಲದಲ್ಲಿ ಹಾರಾಟಕ್ಕೆ ನಿಷೇಧವಿದೆ. ಹವೆಗಾಗಿ ಕಾಯಲು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೋಗಿ. ಅವಸರವೇ ಅಪಾಯದ ಅರ್ಧ.

ಪೈಲಟ್‌ಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೆ, ಇಬ್ಬರನ್ನು ಹಾರಿಸುವ ಪರವಾನಗಿ ಇದೆಯೆ, ತುರ್ತಿಗೆ ಇನ್ನೊಂದು ಪ್ಯಾರಾಚೂಟ್ ಇದೆಯೆ ಎಂದು ಕೇಳಿ, ಕಾಗದ ನೋಡಿ. ಸಂಕೋಚ ಬೇಡ. ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ನಾವು ಪ್ರಾಣದ ವಿಷಯದಲ್ಲಿ ನಾಚಿಕೊಳ್ಳುವುದೇಕೆ? ತೊಡೆಯ ಪಟ್ಟಿಗಳು ಬಿಗಿಯಾಗಿವೆಯೇ ಎಂದು ಓಡುವ ಮುಂಚೆ ನೀವೇ ಮುಟ್ಟಿ ನೋಡಿಕೊಳ್ಳಿ. ಗರ್ಭಿಣಿಯರು, ಹೃದಯದ ತೊಂದರೆಯವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಹಾರಲೇಬಾರದು. ತೂಕಕ್ಕೂ ಮಿತಿಯುಂಟು, ಮೊದಲೇ ನಿಜವಾದ ತೂಕ ಹೇಳಿ.

ಸೀರೆ ಬೇಡ. ಸಲ್ವಾರ್ ಅಥವಾ ಪ್ಯಾಂಟು, ಹಿಮ್ಮಡಿಯ ಗಂಟು ಹಿಡಿಯುವ ಬೂಟು, ಸ್ವೆಟರ್ ಇರಲಿ. ದುಪಟ್ಟ ತೆಗೆದಿಡಿ, ಜಡೆ ಬಿಗಿದು ಕಟ್ಟಿ, ಮಾಂಗಲ್ಯದ ಸರ ಒಳಗೆ ಸೇರಿಸಿ. ಬರಿಹೊಟ್ಟೆಯೂ ಬೇಡ, ಭಾರಿ ಪರೋಟವೂ ಬೇಡ. ನಾವು ಮನೆಯಿಂದ ಒಯ್ದಿದ್ದ ಒಗ್ಗರಣೆ ಅವಲಕ್ಕಿ ಎರಡು ಹಿಡಿ ತಿಂದೆವು. ಹೊಟ್ಟೆ ತೊಳಸುವವರಿಗೆ ಒಣಶುಂಠಿ–ಬೆಲ್ಲದ ಉಂಡೆ ಕಟ್ಟಿಕೊಳ್ಳಿ: ಎರಡು ಚಮಚ ಶುಂಠಿ ಪುಡಿ, ಅರ್ಧ ಬಟ್ಟಲು ಪುಡಿಬೆಲ್ಲ, ಒಂದು ಚಮಚ ತುಪ್ಪ, ಚಿಟಿಕೆ ಏಲಕ್ಕಿ ಕಲಸಿ ಗೋಲಿಯಷ್ಟು ಮಾಡಿದರಾಯಿತು. ಹದಿನೈದು ದಿನ ಕೆಡುವುದಿಲ್ಲ. ಬಸ್ಸಿನ ತಿರುವುಗಳಿಗೂ ಇದೇ ಮದ್ದು.