ಬಾಯಾರಿದವರ ದಾರಿಯಲ್ಲಿ

ಓದುಗ ಸಹೋದರಿಯರೇ, ಕಾಲ್ನಡಿಗೆಗೆಂದೇ ಮಾಡಿದ 4,265 ಕಿಲೋಮೀಟರ್ ಉದ್ದದ ಒಂದು ದಾರಿಯನ್ನು ಊಹಿಸಿಕೊಳ್ಳಿ. ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಈ ದಾರಿಯ ಹೆಸರು ಪೆಸಿಫಿಕ್ ಕ್ರೆಸ್ಟ್ ಟ್ರೇಲ್. ಮೆಕ್ಸಿಕೋ ಗಡಿಯಲ್ಲಿ ಕ್ಯಾಂಪೋ ಎಂಬ ಸಣ್ಣ ಊರಿನ ಬಳಿ ಶುರುವಾಗುವ ಇದು ಕ್ಯಾಲಿಫೋರ್ನಿಯಾ, ಓರೆಗಾನ್, ವಾಷಿಂಗ್ಟನ್ ರಾಜ್ಯಗಳನ್ನು ದಾಟಿ ಕೆನಡಾದ ಗಡಿ ಮುಟ್ಟುತ್ತದೆ. 1968ರಲ್ಲಿ ಸರಕಾರ ಇದನ್ನು ರಾಷ್ಟ್ರೀಯ ಕಾಲುದಾರಿ ಎಂದು ಘೋಷಿಸಿತು. ದಾರಿ ಪೂರ್ತಿಯಾದದ್ದು 1993ರಲ್ಲಿ. ಇದನ್ನು ಆರಂಭದಿಂದ ಕೊನೆಯ ತನಕ ನಡೆಯಲು ಸುಮಾರು ಐದು ತಿಂಗಳು ಬೇಕು.

ದಕ್ಷಿಣದ ಮೊದಲ 1,100 ಕಿಲೋಮೀಟರ್ ಬಹುತೇಕ ಒಣ ನಾಡು. ಮರುಭೂಮಿ ಎಂದೊಡನೆ ನಮಗೆ ಮರಳು ಮತ್ತು ಒಂಟೆ ನೆನಪಾಗುತ್ತದೆ. ಇಲ್ಲಿ ಹಾಗಿಲ್ಲ. ಕಲ್ಲಿನ ಬೆಟ್ಟಗಳು, ಮುಳ್ಳಿನ ಪೊದೆಗಳು, ಕಳ್ಳಿ ಗಿಡಗಳು. ಕೂತು ದಣಿವಾರಿಸಲು ನೆರಳಿಲ್ಲ. ಅನೇಕ ತೊರೆಗಳು ಮಳೆಗಾಲ ಮುಗಿಯುತ್ತಲೇ ಬತ್ತಿಹೋಗುತ್ತವೆ.

ಹಾಗಾದರೆ ತಂಪು ಕಾಲದಲ್ಲೇ ಇದನ್ನು ದಾಟಬಾರದೇ ಎಂದು ನೀವು ಕೇಳಬಹುದು. ಬೇಗ ಹೊರಟರೆ ಮುಂದಿನ ಸಿಯೆರಾ ನೆವಾಡಾ ಪರ್ವತಗಳಲ್ಲಿ ಹಿಮ ಕರಗಿರುವುದಿಲ್ಲ. ತಡವಾಗಿ ಹೊರಟರೆ ಮರುಭೂಮಿಯ ಬಿಸಿಲು ಸುಡುತ್ತದೆ, ಕೊನೆಗೆ ವಾಷಿಂಗ್ಟನ್‌ನಲ್ಲಿ ಮತ್ತೆ ಹಿಮ ಎದುರಾಗುತ್ತದೆ. ಆದ್ದರಿಂದ ಹೆಚ್ಚಿನವರು ಮಾರ್ಚ್‌ನಿಂದ ಮೇ ತಿಂಗಳೊಳಗೆ ಕ್ಯಾಂಪೋದಿಂದ ಹೊರಡುತ್ತಾರೆ. ಜನಜಂಗುಳಿಯಾಗದಂತೆ ದಿನಕ್ಕೆ 50 ಮಂದಿಗೆ ಮಾತ್ರ ಅಲ್ಲಿಂದ ಹೊರಡುವ ಪರವಾನಗಿ ಸಿಗುತ್ತದೆ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಬಾವಿಯಿಂದ ಕೊಡ ಹೊತ್ತು ತಂದ ಹೆಣ್ಣುಮಕ್ಕಳಿಗೆ ಆ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. ಗುಡಾರ, ಹೊದಿಕೆ, ಹಲವು ದಿನಗಳ ಆಹಾರದ ಜೊತೆಗೆ ಐದಾರು ಲೀಟರ್ ನೀರನ್ನೂ ಬೆನ್ನಿಗೇರಿಸಿಕೊಂಡು ಬೆಟ್ಟ ಹತ್ತಬೇಕು ಎಂದರೆ ಹೇಗಿರಬಹುದು ಯೋಚಿಸಿ.

ಈ ಕಷ್ಟಕ್ಕೆ ಹೆಸರಾದ ಒಂದು ಹಾದಿ ಸಿಜರ್ಸ್ ಕ್ರಾಸಿಂಗ್ ಎಂಬ ರಸ್ತೆ ಕೂಡುವ ಜಾಗದಿಂದ ಶುರುವಾಗುತ್ತದೆ. ಅಲ್ಲಿಂದ ಬ್ಯಾರಲ್ ಸ್ಪ್ರಿಂಗ್ಸ್ ಎಂಬ ಚಿಲುಮೆಯ ತನಕ ಸುಮಾರು 38 ಕಿಲೋಮೀಟರ್. ನಡುವೆ ನಂಬಬಹುದಾದ ನೀರಿನ ಸೆಲೆ ಇಲ್ಲ. ಅರ್ಧ ದಾರಿ ಕಳೆದ ಮೇಲೆ 'ಥರ್ಡ್ ಗೇಟ್' ಎಂಬಲ್ಲಿ ಸಾಲಾಗಿ ಜೋಡಿಸಿಟ್ಟ ನೀರಿನ ಕ್ಯಾನುಗಳು ಕಾಣಸಿಗುತ್ತವೆ. ಇಟ್ಟವರು ಅಲ್ಲಿರುವುದಿಲ್ಲ. ಹಣ ಕೇಳುವವರಿಲ್ಲ, ಹೆಸರು ಬರೆಯಿಸಿಕೊಳ್ಳುವವರೂ ಇಲ್ಲ. ನಿಮಗೆ ಬೇಕಾದಷ್ಟನ್ನೇ ತೆಗೆದುಕೊಳ್ಳಿ, ಹಿಂದೆ ಬರುವವರಿಗೂ ಇರಲಿ ಎಂಬುದಷ್ಟೇ ಅಲ್ಲಿನ ನಿಯಮ. ನಮ್ಮ ಹಿರಿಯರ ಕಾಲದಲ್ಲಿ ದಾರಿಬದಿಯಲ್ಲಿ ಇರುತ್ತಿದ್ದ ಅರವಟ್ಟಿಗೆಯನ್ನೇ ನೆನಪಿಸುವ ಏರ್ಪಾಡು ಇದು.

ಹೀಗೆ ನೆರವಾಗುವ ಸ್ವಯಂಸೇವಕರನ್ನು ಚಾರಣಿಗರು 'ದಾರಿಯ ದೇವದೂತರು' ಎಂದು ಕರೆಯುತ್ತಾರೆ. ಯಾವ ಚಿಲುಮೆಯಲ್ಲಿ ನೀರಿದೆ, ಯಾವುದು ಬತ್ತಿದೆ ಎಂದು ನಡೆದು ಬಂದವರಿಂದ ಕೇಳಿ ತಿಳಿದು ಪಟ್ಟಿ ಮಾಡಿಕೊಡುವ ಸ್ವಯಂಸೇವಕರೂ ಇದ್ದಾರೆ. ಇದೂ ನೀರು ಕೊಟ್ಟಂತೆಯೇ ಅಲ್ಲವೇ?

ಆದರೆ ಈ ಸೇವೆಗೆ ಇನ್ನೊಂದು ಮುಖವೂ ಇದೆ. ದಾರಿಯನ್ನು ನೋಡಿಕೊಳ್ಳುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅಸೋಸಿಯೇಷನ್, ಇಂತಹ ಕ್ಯಾನುಗಳನ್ನು ಎಂದೂ ನೆಚ್ಚಿಕೊಳ್ಳಬೇಡಿ ಎಂದು ಎಚ್ಚರಿಸುತ್ತದೆ. ಮುಂದೆ ನೀರು ಇದ್ದೇ ಇದೆ ಎಂದು ಎರಡೇ ಲೀಟರ್ ಹೊತ್ತು ಬಂದವನಿಗೆ ಖಾಲಿ ಕ್ಯಾನು ಎದುರಾದರೆ ಗತಿಯೇನು? ನೋಡಿಕೊಳ್ಳುವವರಿಲ್ಲದೆ ಉಳಿದ ಪ್ಲಾಸ್ಟಿಕ್ ಗಾಳಿಗೆ ಹಾರಿ ಬೆಟ್ಟವೆಲ್ಲ ಕಸವಾಗುತ್ತದೆ. ಅಂದರೆ ನೀರಿಡುವುದು ಒಂದು ದಿನದ ಉತ್ಸಾಹದ ಕೆಲಸವಲ್ಲ. ಇಟ್ಟವರು ಮತ್ತೆ ಬಂದು ತುಂಬಿಸಬೇಕು, ಖಾಲಿಯಾದದ್ದನ್ನು ಹೊತ್ತೊಯ್ಯಬೇಕು. ಒಮ್ಮೆ ಕೈಗೆತ್ತಿಕೊಂಡರೆ ಅದೊಂದು ಅಮಾನತ್ತು.

ಇದೇ ದಾರಿಯಲ್ಲಿ ಮುಂದೆ ಮೊಹಾವಿ ಮರುಭೂಮಿಯ ಅಂಚಿನಲ್ಲಿ ಚಾರಣಿಗರು ಲಾಸ್ ಏಂಜಲೀಸ್ ನಗರಕ್ಕೆ ನೀರು ಒಯ್ಯುವ ಕಾಲುವೆಯ ಬದಿಯಲ್ಲೇ ನಡೆಯುತ್ತಾರೆ. 1913ರಲ್ಲಿ ಪೂರ್ತಿಯಾದ ಈ ಕಾಲುವೆ ಅಲ್ಲಿ ಕೊಳವೆ ಮತ್ತು ಮುಚ್ಚಿದ ಕಾಂಕ್ರೀಟಿನೊಳಗೆ ಹರಿಯುತ್ತದೆ. ಕಾಲಡಿಯಲ್ಲಿ ನದಿಯಷ್ಟು ನೀರು, ಆದರೆ ಬಾಯಾರಿದವನಿಗೆ ಹನಿಯೂ ಸಿಗದು! ಬಿಸಿಲಿಗೆ ಹೆದರಿ ಅನೇಕರು ಈ ಭಾಗವನ್ನು ರಾತ್ರಿಯಲ್ಲೇ ದಾಟುತ್ತಾರೆ.

ಮರುಭೂಮಿಯ ದಾರಿ, ನೀರು ಎಂದಾಗ ನಮಗೆ ಹಝ್ರತ್ ಹಾಜರಾ(ಅ)ರ ನೆನಪಾಗದೆ ಇರದು. ಹಸುಗೂಸು ಇಸ್ಮಾಈಲ್(ಅ)ರಿಗಾಗಿ ಸಫಾ ಮರ್ವಾಗಳ ನಡುವೆ ಓಡಿದ ಆ ತಾಯಿಯ ಹೆಜ್ಜೆಗಳನ್ನು ಹಜ್ಜ್ ಯಾತ್ರಿಕರು ಇಂದಿಗೂ ಅನುಸರಿಸುತ್ತಾರೆ. ಅದೇ ಮಕ್ಕಾದ ದಾರಿಗೆ ನೀರು ಒದಗಿಸಿದ್ದೂ ಒಬ್ಬ ಮಹಿಳೆ. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ, ಇರಾಕ್‌ನ ಕೂಫಾದಿಂದ ಮಕ್ಕಾಕ್ಕೆ ಬರುವ ಯಾತ್ರಿಕರ ಹಾದಿಯುದ್ದಕ್ಕೂ ಬಾವಿಗಳನ್ನೂ ಮಳೆನೀರಿನ ಕೊಳಗಳನ್ನೂ ಕಟ್ಟಿಸಿದರು. ಅವರು ನಿಧನರಾದದ್ದು ಕ್ರಿ.ಶ. 831ರಲ್ಲಿ. ಆ ದಾರಿಯನ್ನು ಇಂದಿಗೂ 'ದರ್ಬ್ ಝುಬೈದಾ' ಎಂದೇ ಕರೆಯಲಾಗುತ್ತದೆ. ಅರಮನೆಯ ಒಡತಿಗೆ, ತಾನೆಂದೂ ಕಾಣದ ಬಡ ಯಾತ್ರಿಕನ ಬಾಯಾರಿಕೆ ಅರ್ಥವಾಗಿತ್ತು.

ಈಗ ಮತ್ತೆ ಕ್ಯಾಂಪೋ ಇರುವ ಗಡಿಯ ಕಡೆಗೆ ನೋಡೋಣ. ಚಾರಣಿಗರ ದಾರಿ ಶುರುವಾಗುವಲ್ಲೇ ಅಮೆರಿಕ ಕಟ್ಟಿದ ಗಡಿಗೋಡೆಯಿದೆ. ಇದೇ ಗಡಿಯ ಉದ್ದಕ್ಕೂ ಇನ್ನೊಂದು ಬಗೆಯ ನಡಿಗೆಯವರಿದ್ದಾರೆ: ಕೆಲಸ ಹುಡುಕಿಕೊಂಡು, ಇಲ್ಲವೇ ಜೀವ ಉಳಿಸಿಕೊಳ್ಳಲು ಕಾಗದಪತ್ರಗಳಿಲ್ಲದೆ ಬರುವ ಬಡವರು. ಅರಿಝೋನಾದ ಮರುಭೂಮಿಯಲ್ಲಿ ಬಿಸಿಲಿಗೂ ಬಾಯಾರಿಕೆಗೂ ಬಲಿಯಾದವರು ಅನೇಕ. 2017ರಲ್ಲಿ ನಾಲ್ವರು ಮಹಿಳಾ ಸ್ವಯಂಸೇವಕರು ಅಲ್ಲಿನ ಕಬೇಝಾ ಪ್ರಿಯೆಟಾ ವನ್ಯಜೀವಿ ಧಾಮದಲ್ಲಿ ಇಂತಹವರಿಗಾಗಿ ನೀರು ಮತ್ತು ಆಹಾರ ಇಟ್ಟು ಬಂದರು. ಪರವಾನಗಿಯಿಲ್ಲದೆ ಒಳಹೊಕ್ಕರು, ಅಲ್ಲಿ ವಸ್ತುಗಳನ್ನು ಬಿಟ್ಟು ಬಂದರು ಎಂದು ಅವರ ಮೇಲೆ ಮೊಕದ್ದಮೆ ನಡೆಯಿತು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಆದರೆ 2020ರ ಫೆಬ್ರವರಿಯಲ್ಲಿ ಮೇಲ್ಮನವಿ ಆಲಿಸಿದ ನ್ಯಾಯಾಧೀಶೆ ಆ ತೀರ್ಪನ್ನು ರದ್ದುಗೊಳಿಸಿದರು. ಬಾಯಾರಿದವರಿಗೆ ನೀರು ಕೊಡುವುದು ಅವರ ಪ್ರಾಮಾಣಿಕ ಧಾರ್ಮಿಕ ನಂಬಿಕೆಯ ಭಾಗ, ಅದಕ್ಕೆ ಶಿಕ್ಷೆ ಕೊಡುವುದು ಧಾರ್ಮಿಕ ಸ್ವಾತಂತ್ರ್ಯದ ಕಾನೂನಿಗೆ ವಿರುದ್ಧ ಎಂಬುದು ಆ ತೀರ್ಪಿನ ಸಾರ.

ಸಹೋದರಿಯರೇ, ನೀರು ಒಂದೇ, ಕ್ಯಾನೂ ಒಂದೇ, ಬಿಸಿಲೂ ಒಂದೇ. ವಿಹಾರಕ್ಕೆ ನಡೆಯುವವನಿಗೆ ಇಟ್ಟರೆ ಪ್ರಶಂಸೆ, ಗತಿಯಿಲ್ಲದೆ ನಡೆಯುವವನಿಗೆ ಇಟ್ಟರೆ ಮೊಕದ್ದಮೆ! ಬಾಯಾರಿದವನನ್ನು ನೀನು ಯಾರು ಎಂದು ಕೇಳಿ ನೀರು ಕೊಡುವ ರೀತಿಯನ್ನು ನಮ್ಮ ಧರ್ಮ ಕಲಿಸಿಲ್ಲ. ದಾಹದಿಂದ ಬಳಲುತ್ತಿದ್ದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ ಪಾಪಿ ಹೆಣ್ಣಿಗೆ ಅಲ್ಲಾಹನು ಕ್ಷಮೆ ನೀಡಿದ್ದನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ತನ್ನ ಬಳಿ ಮಿಕ್ಕಿದ ನೀರಿದ್ದೂ ದಾರಿಹೋಕನಿಗೆ ಕೊಡದವನ ಕಡೆಗೆ ಅಲ್ಲಾಹನು ಅಂತ್ಯದಿನದಲ್ಲಿ ನೋಡುವುದೂ ಇಲ್ಲ ಎಂಬ ಎಚ್ಚರಿಕೆಯನ್ನೂ ಅವರು ಕೊಟ್ಟಿದ್ದಾರೆ.

ಈ ಬೇಸಿಗೆಯಲ್ಲಿ ನಿಮ್ಮ ಗೇಟಿನ ಹೊರಗೆ ಒಂದು ಮಡಕೆ ನೀರು ಇಡುವ ಮನಸ್ಸಾದರೆ ಖಂಡಿತ ಇಡಿ. ಅದರ ಬಾಯಿಗೆ ಮುಚ್ಚಳವಿರಲಿ, ಪಕ್ಕದಲ್ಲಿ ತೊಳೆದ ಲೋಟವಿರಲಿ. ದಿನವೂ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸದನ್ನು ತುಂಬಿಸಿ. ನಿಮ್ಮ ಮಡಕೆಯನ್ನು ನಂಬಿ ಬಿಸಿಲಲ್ಲಿ ಬಂದವರಿಗೆ ಅದು ಖಾಲಿಯಾಗಿ ಕಾಣದಿರಲಿ.