ಕುರ್ತಕೋಟಿಯ ಸೋಡಾ ಪಾನಕ

ಹುಲಕೋಟಿಯ ಕಡೆಯಿಂದ ಕುರ್ತಕೋಟಿಗೆ ಹೋಗುವಾಗ ಎರೆಭೂಮಿ ದಾರಿಗೆ ಜೊತೆಯಾಗುತ್ತದೆ. ಚೈತ್ರ ಕಳೆಯುವ ಹೊತ್ತಿಗೆ ಆ ಕರಿಯ ಮಣ್ಣು ಕೈ ಹಿಡಿಸುವಷ್ಟು ಬಿರುಕು ಬಿಟ್ಟಿರುತ್ತದೆ; ಒಂದು ಮರದ ನೆರಳಿನಿಂದ ಇನ್ನೊಂದರ ನೆರಳು ಬಹುದೂರವೆನಿಸುತ್ತದೆ. ಗದಗ ತಾಲ್ಲೂಕಿನ ಈ ಊರಿನ ಹೆಸರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿಂದಾಗಿ ಸಾಹಿತ್ಯಪ್ರಿಯರಿಗೆ ಚಿರಪರಿಚಿತ. ಆದರೆ ಅಂಥ ಬಿಸಿಲಿನಲ್ಲಿ ಬಂದವನು ಮೊದಲು ಕೇಳುವುದು ನೀರನ್ನೇ.

ನನ್ನ ಆತಿಥೇಯರಾದ ವೃದ್ಧ ದಂಪತಿಗಳ ಮನೆಯಲ್ಲಿ ಬೇಸಗೆಯ ಉಪಚಾರವೆಂದರೆ ಬೆಲ್ಲ, ಲಿಂಬೆ, ಏಲಕ್ಕಿ, ಚಿಟಿಕೆ ಶುಂಠಿ ಕೂಡಿದ ಪಾನಕ. ಈ ಸಲ ಅದಕ್ಕೆ ಹೊಸ ಸಂಸ್ಕಾರವೊಂದು ಕಾದಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ, ವಿದೇಶಗಳಲ್ಲಿ ಜನ ಮನೆಯಲ್ಲೇ ಬಿಯರು ತಯಾರಿಸಲು ಬಳಸುವ ಉಕ್ಕಿನ ಪೀಪಾಯಿ, ಇಂಗಾಲಾಮ್ಲ ವಾಯುವಿನ ಸಿಲಿಂಡರು, ಒತ್ತಡದ ಮಾಪಕ ಇವನ್ನೆಲ್ಲ ಹೊತ್ತು ತಂದಿದ್ದ. "ಯಜ್ಜಾ, ಇದರಾಗ ಬೀರ್ ಗೀರ್ ಏನೂ ಮಾಡಂಗಿಲ್ಲ, ಬರೇ ಪಾನಕಕ್ಕ ಗ್ಯಾಸ್ ಹಾಕ್ತೀನಿ" ಎಂದು ಹಿರಿಯರಿಗೆ ಮೊದಲೇ ಅಭಯವಿತ್ತಿದ್ದ.

ಬಿಯರಿನ ಸಲಕರಣೆಗೂ ಪಾನಕಕ್ಕೂ ಎತ್ತಣ ನಂಟು ಎನ್ನಬೇಡಿ. ಸೋಡಾ ಹುಟ್ಟಿದ್ದೇ ಬಿಯರು ಮಾಡುವ ಕಡೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಯು ನೆರೆಯ ಬಿಯರು ಕಾರ್ಖಾನೆಯ ತೊಟ್ಟಿಗಳ ಮೇಲೆ ನಿಂತಿದ್ದ ವಾಯುವನ್ನು ನೀರಿಗೆ ಕೂಡಿಸಿ ರುಚಿ ನೋಡಿದ. ಅನಂತರ 1870ರ ದಶಕದಲ್ಲಿ ಹೈರಮ್ ಕಾಡ್ ಎಂಬಾತ ಕೊರಳಿನಲ್ಲಿ ಗಾಜಿನ ಗೋಲಿಯಿರುವ ಬಾಟಲಿಯನ್ನು ರೂಪಿಸಿದ. ಒಳಗಿನ ಒತ್ತಡವೇ ಗೋಲಿಯನ್ನು ಮೇಲೊತ್ತಿ ರಬ್ಬರಿನ ಬಳೆಗೆ ಬಿಗಿಯುತ್ತದೆ. ಸೆರೆಯಾಳೇ ಬಾಗಿಲು ಕಾಯುವ ಯುಕ್ತಿ! ನಮ್ಮ ಗೋಲಿ ಸೋಡಾ ಬಂದದ್ದು ಹೀಗೆ.

ಮೊಮ್ಮಗನ ಮೊದಲ ಪ್ರಯೋಗ ನೊರೆಯಲ್ಲಿ ಮುಗಿಯಿತು. ಪಾನಕ ಬೆಚ್ಚಗಿತ್ತು, ನಳ ತಿರುಗಿಸಿದೊಡನೆ ಅರ್ಧಕ್ಕರ್ಧ ಅಂಗಳದ ಪಾಲು. ದ್ರವ ಬಿಸಿಯಾದಷ್ಟೂ ವಾಯುವನ್ನು ಹಿಡಿದಿಡಲಾರದು. ಪಾನಕದ ಎರಡೂವರೆ ಪಟ್ಟು ವಾಯು ಅದರಲ್ಲಿ ಕರಗಬೇಕಾದರೆ, 4 ಡಿಗ್ರಿ ತಂಪಿನಲ್ಲಿ ಚದರ ಅಂಗುಲಕ್ಕೆ ಸುಮಾರು 12 ಪೌಂಡು ಒತ್ತಡ ಸಾಕು. 30 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಮೂರು ಪಟ್ಟು ಬೇಕು. ಲಿಂಬೆಯ ತಿರುಳು, ಶುಂಠಿಯ ಪುಡಿಗಳೂ ಗುಳ್ಳೆಗಳೇಳಲು ಆಸರೆಯಾಗುತ್ತವೆ. ಎರಡನೆಯ ಸಲ ಪಾನಕವನ್ನು ಬಟ್ಟೆಯಲ್ಲಿ ಸೋಸಿ, ಇರುಳೆಲ್ಲ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ವಾಯು ಹಾಯಿಸಿ ಪೀಪಾಯಿಯನ್ನು ಚೆನ್ನಾಗಿ ಅಲುಗಿಸಿದ ಮೇಲೆ ಕಾರ್ಯ ಕೈಗೂಡಿತು.

ಅಜ್ಜಿ ಒಂದು ಗುಟುಕು ಕುಡಿದು, ಮೂಗಿಗೆ ಸೆರಗು ಹಿಡಿದು, "ಬೆಲ್ಲ ಕಡಿಮಿ ಆಗೈತಲ್ಲೋ" ಎಂದರು. ಬೆಲ್ಲ ಅಷ್ಟೇ ಇತ್ತು. ಕರಗಿದ ವಾಯು ತರುವ ಹುಳಿ ಸಿಹಿಯನ್ನು ಮರೆಸಿತ್ತು. ಸೋಡಾ ಅಂಗಡಿಯವನಂತೆ ನೀರಿಗಷ್ಟೇ ವಾಯು ತುಂಬಿ, ಲೋಟದಲ್ಲಿ ರಸ ಬೆರೆಸುವುದೇ ಸುಲಭವೆಂದು ನನಗನ್ನಿಸಿತು. ಹುಡುಗ ಒಪ್ಪಲಿಲ್ಲ.

ಮಿಕ್ಕದ್ದನ್ನು ಗಾಜಿನ ಬಾಟಲಿಗಳಿಗೆ ತುಂಬಿ ಗದುಗಿನ ನೆಂಟರಿಗೆ ಕಳಿಸುವ ಉತ್ಸಾಹ ಅವನದು. ಇಲ್ಲಿ ಅಜ್ಜಿ ಖಂಡಿತವಾಗಿ ತಡೆದರು: "ಬೆಲ್ಲದ ನೀರಿಗೆ ಬೂಚು ಬಡಿದು ಇಡಬ್ಯಾಡಪಾ ತಮ್ಮಾ, ಹುಳಿ ಬಂದು ಸಿಡೀತೈತಿ." ಅವರ ಮಾತು ಅಕ್ಷರಶಃ ನಿಜ. ಬೆಲ್ಲದಲ್ಲೂ ಹಣ್ಣಿನಲ್ಲೂ ಇರುವ ಹುದುಗುಜೀವಿಗಳು ಬೇಸಗೆಯ ಸೆಕೆಯಲ್ಲಿ ಸಕ್ಕರೆಯನ್ನುಂಡು ಮತ್ತಷ್ಟು ವಾಯುವನ್ನು ಹುಟ್ಟಿಸುತ್ತವೆ. ಪೀಪಾಯಿಗೆ ಒತ್ತಡ ಹೊರಬಿಡುವ ಕವಾಟವುಂಟು. ಬೂಚು ಬಿಗಿದ ಬಾಟಲಿಗೆ ಅದಿಲ್ಲ. ಒಡೆದ ಗಾಜು ಹಾರಿದರೆ ಒಂದು ಕಣ್ಣನ್ನೇ ಕೊಂಡೊಯ್ದೀತು.

ಹುಡುಗ ಬಾಟಲಿಗಳನ್ನು ತೊಳೆದು ಮಾಡಕ್ಕೆ ಸೇರಿಸಿದ. ಓಣಿಯ ಮಕ್ಕಳಿಗೆಲ್ಲ ಕರೆ ಹೋಯಿತು. ಸಂಜೆಯೊಳಗೆ ಪೀಪಾಯಿ ಬರಿದಾಗಿತ್ತು.