ಪಡಸಾಲೆಯ ಬಣ್ಣ

ಗೋಡೆಗೆ ಬಣ್ಣವನ್ನು ಆರಿಸುವುದು ಕೇವಲ ಅಲಂಕಾರದ ಮಾತೆಂದು ಅನೇಕ ಗೃಹಸ್ಥರು ಭಾವಿಸುವುದುಂಟು. ಸಂಸ್ಕೃತದಲ್ಲಾದರೋ ‘ಸುಧಾ’ ಎಂಬ ಒಂದೇ ಶಬ್ದವು ಅಮೃತಕ್ಕೂ ಸುಣ್ಣಕ್ಕೂ ಸಲ್ಲುವುದು; ಸುಧೆಯನ್ನು ಬಳಿದುದೇ ‘ಸೌಧ’. ಒಳಗಿರುವವರಿಗೆ ಹಿತವಾದರೆ ಮಾತ್ರ ಸುಣ್ಣಕ್ಕೆ ಆ ಹೆಸರು ಸಾರ್ಥಕವೆಂದು ನನಗೆ ತೋರುತ್ತದೆ.

ಸುರಪುರದ ನಮ್ಮ ಮನೆಯು ಹಳೆಯ ಕಲ್ಲಿನ ಕಟ್ಟಡ: ದಪ್ಪ ಗೋಡೆ, ಸಣ್ಣ ಕಿಟಕಿ, ನೆಲಕ್ಕೆ ಕಪ್ಪು ಛಾಯೆಯ ಶಹಾಬಾದ ಪರ್ಸಿ. ಈ ವರ್ಷ ಪಡಸಾಲೆಗೆ ಸುಣ್ಣ ಮಾಡಿಸುವಾಗ ಎರಡು ಮತಗಳು ಹುಟ್ಟಿದವು. ಬೇಸಗೆಯಲ್ಲಿ ಇಲ್ಲಿಯ ಉಷ್ಣಮಾನ 40 ಡಿಗ್ರಿಯನ್ನು ಮೀರುವುದರಿಂದ ತಂಪಾದ ತಿಳಿನೀಲಿಯೇ ಬೇಕೆಂದು ಮಗನು ಹೇಳಿದನು. ನನ್ನ ಪತ್ನಿಯ ದೃಷ್ಟಿ ಕೆಲವು ವರ್ಷಗಳಿಂದ ಮಂದವಾಗಿದೆ. ಅಚ್ಚ ಬಿಳುಪು ಬಿಸಿಲಿನಲ್ಲಿ ಆಕೆಯ ಕಣ್ಣನ್ನು ಕೋರೈಸುವುದು. ಆಕೆ ಹಳದಿ ಮಣ್ಣು ಕಲಸಿದ ಸುಣ್ಣವನ್ನು ಬಯಸಿದಳು.

ವಾದಕ್ಕಿಂತ ಪರೀಕ್ಷೆ ಮೇಲೆಂದು, ಒಂದೇ ಗೋಡೆಯ ಮೇಲೆ ಒಂದೊಂದು ಮೊಳ ಅಗಲದ ಎರಡು ಪಟ್ಟಿಗಳನ್ನು ನೆಲದವರೆಗೂ ಬಳಿಸಿದೆನು. ಹಸಿ ಸುಣ್ಣದಲ್ಲಿ ಬಣ್ಣವು ಗಾಢವಾಗಿ ಕಂಡು ಒಣಗಿದಂತೆ ತಿಳಿಯಾಗುವುದರಿಂದ, ಎರಡು ದಿನ ಕಾದು, ಮುಂಜಾನೆ, ಮಧ್ಯಾಹ್ನ ಮತ್ತು ದೀಪದ ಹೊತ್ತಿನಲ್ಲಿ ನೋಡಿದೆವು. ಮಧ್ಯಾಹ್ನಕ್ಕೆ ನೀಲಿಯೇ ರಮ್ಯವಾಗಿತ್ತು. ಸಂಜೆಯಾಗುತ್ತಲೇ ಅದು ಬೂದಿಯಂತಾಯಿತು. ಎಣ್ಣೆದೀಪದ ಹಾಗೂ ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಾಂಶ ಸ್ವಲ್ಪವೇ ಇರುವುದರಿಂದ ನೀಲಿ ಗೋಡೆಯು ಹಿಂದಿರುಗಿಸತಕ್ಕ ಬೆಳಕೂ ಸ್ವಲ್ಪವೇ. ಹಳದಿ ಪಟ್ಟಿಯು ಬೆಳಗುತ್ತಲೇ ಇತ್ತು.

ಆಕೆಯ ಪರೀಕ್ಷೆ ಬೇರೆಯಾಗಿತ್ತು. “ಚಂದ ಯಾವುದಾದರೂ ಇರ್ಲಿ ರೀ, ಗ್ವಾಡಿ ಎಲ್ಲಿ ಮುಗೀತದ, ನೆಲ ಎಲ್ಲಿಂದ ಶುರು ಆಗ್ತದ, ಅದು ನನಗ ಕಾಣಬೇಕು” ಎಂದಳು. ನೀಲಿಯ ಬುಡದಲ್ಲಿ ಗೋಡೆಯೂ ಪರ್ಸಿಯೂ ಆಕೆಗೆ ಒಂದಾಗಿ ತೋರಿದವು. ಹಳದಿಯ ಬುಡದಲ್ಲಿ ಗೆರೆ ಎಳೆದಂತೆ ಬೇರೆಯಾದವು.

ಮಗನ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ನೀಲಿಯು ಮನಸ್ಸಿಗೆ ತಂಪು. ಆದರೆ ಮಾಳಿಗೆಯಿಂದ ಇಳಿಯುವ ಕಾವನ್ನು ಒಳಗೋಡೆಯ ಬಣ್ಣ ತಡೆಯಲಾರದು. ಮಾಳಿಗೆಯ ಮೇಲೆ ಬಳಿದ ಬಿಳಿ ಸುಣ್ಣವು ಬಿಸಿಲನ್ನು ಹಿಂದಕ್ಕೆ ಕಳಿಸಿ ಆ ಕಾವನ್ನು ತಗ್ಗಿಸುವುದು. ಆದುದರಿಂದ ಮಾಳಿಗೆಗೆ ಬಿಳುಪು, ಅವನ ಕೋಣೆಗೆ ನೀಲಿ, ಪಡಸಾಲೆಗೆ ಹಳದಿ ಎಂದು ತೀರ್ಮಾನವಾಯಿತು.

ವಾಚಕರು ಅಂಗಡಿಯ ಚೀಟಿಯಲ್ಲಿ ಬಣ್ಣವನ್ನು ನಿಶ್ಚಯಿಸುವ ಮೊದಲು, ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕಳೆಯುವವರನ್ನು ಕೇಳುವುದು ಲೇಸು. ನಮ್ಮ ಮನೆಯಲ್ಲಿ ಈಗ ಸಂಜೆ ಆಕೆ ಗೋಡೆಯನ್ನು ತಡವದೆಯೇ ನಡೆದುಹೋಗಿ ದೇವರ ಮುಂದೆ ದೀಪವನ್ನು ಹಚ್ಚುತ್ತಾಳೆ.